ಪಾಳಿ ಪಟ್ಟಿ ಪೂರ್ತಿ ಹಸಿರಾದ ಗುರುವಾರ

ನಮ್ಮ ಊರಲ್ಲಿ ಊಟಕ್ಕೆ ಹೇಳುವುದರಲ್ಲಿ ಎರಡು ಬಗೆ. ‘ಮನಿಗೊಬ್ಬರು ಬರ್ರಿ’ ಎಂದರೆ ಮನೆಯಿಂದ ಒಬ್ಬರು ಹೋಗಿ ಉಂಡು ಬರಬೇಕು. ‘ಮನಿಮಂದೆಲ್ಲ ಬರ್ರಿ, ಒಲಿ ಹಚ್ಚಬ್ಯಾಡ್ರಿ’ ಎಂದರೆ ಅಜ್ಜನಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರೂ ಹೋಗಬೇಕು, ಹೋಗದಿದ್ದರೆ ಸಿಟ್ಟು. ಇದನ್ನು ಮನೆ ಮನೆಗೆ ಹೋಗಿ ಹೇಳಿ ಬರುವವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ನಮ್ಮ ಊರಲ್ಲಿ ಆ ಕೆಲಸ ನನ್ನ ಚಿಗವ್ವನದು, ಅಂದರೆ ನಮ್ಮವ್ವನ ತಂಗಿಯದು. ಯಾರ ಮನೆಯಲ್ಲಿ ಮದುವೆ, ತೊಟ್ಟಿಲು, ಏನೇ ಇದ್ದರೂ ಮೊದಲು ಚಿಗವ್ವನ ಮನೆಗೆ ಬಂದು, ‘ಒಂದು ಸುತ್ತು ಹೇಳಿ ಬಾರವ್ವಾ’ ಎನ್ನುತ್ತಿದ್ದರು.

ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಅವಳ ಜೊತೆ ಹೋಗಿದ್ದೆ. ಐದಾರು ಮನೆ ಆಗುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಪ್ರತಿ ಹೊಸ್ತಿಲಲ್ಲೂ ನಿಲ್ಲಬೇಕು, ಚಪ್ಪಲಿ ಬಿಡಬೇಕು, ಕುಂಕುಮ ಹಚ್ಚಿಸಿಕೊಳ್ಳಬೇಕು. ಒಂದೇ ಮನೆಯಲ್ಲಿ ಮೂವರು ಸೊಸೆಯಂದಿರಿದ್ದರೆ ಯಾವ ಸೊಸೆಗೆ ಹೇಳಬೇಕೋ ಅವಳನ್ನೇ ಹೊರಗೆ ಕರೆಸಿ ಹೇಳಬೇಕು. ನನಗೆ ಹಸಿವಾಗಿತ್ತು. ಓಣಿಯ ನಡುವೆ ನಿಂತು, ‘ಎಲ್ಲಾರೂ ಊಟಕ್ಕ ಬರ್ರಿ’ ಎಂದು ಗಂಟಲು ಹರಿಯುವ ಹಾಗೆ ಒದರಿಬಿಟ್ಟೆ. ಚಿಗವ್ವ ನನ್ನ ಕಿವಿ ಹಿಂಡಿದಳು. ಆಮೇಲೆ ನಡೆದದ್ದು ತಮಾಷೆ. ಅವಳು ಆಗಲೇ ಹೊಸ್ತಿಲಲ್ಲಿ ‘ಮನಿಗೊಬ್ಬರು’ ಎಂದು ಹೇಳಿದ್ದ ಮನೆಗಳಿಂದ ಲೆಕ್ಕದಂತೆ ಒಬ್ಬೊಬ್ಬರೇ ಬಂದರು. ಇನ್ನೂ ಹೇಳದೆ ಉಳಿದಿದ್ದ ಮನೆಗಳಿಂದ ಮಾತ್ರ ಮಂದಿಯೆಲ್ಲ, ಬಂದ ಬೀಗರ ಸಮೇತ, ಬಂದು ಸಾಲಾಗಿ ಕೂತರು.

‘ಹೊಸ್ತಿಲದಾಗ ಹೇಳಿದ್ದು ಗಟ್ಟಿ. ಓಣ್ಯಾಗ ಒದರಿದ್ದು ಹೇಳದೇ ಉಳದವರಿಗಷ್ಟ ಮುಟ್ತದ,’ ಎಂದಳು ಚಿಗವ್ವ, ಸಾರಿಗೆ ಇನ್ನೊಂದು ಕೊಡ ನೀರು ಸುರಿಯುತ್ತ.

ಈ ಮಾತು ಮುಂದೆ ನನ್ನ ಹೊಟ್ಟೆಪಾಡಿಗೆ ಬೇಕಾದೀತೆಂದು ಆಗ ಯಾರಿಗೆ ಗೊತ್ತಿತ್ತು. ಸುರಪುರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಶಹಾಪುರದ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಕಲಿಸುವವಳಾದೆ. ಹಿಟ್ಟಿನ ಗಿರಣಿಯ ಮೇಲಿನ ಖೋಲಿಯೊಂದನ್ನು ಬಾಡಿಗೆ ಹಿಡಿದೆ. ಗಿರಣಿ ನಡೆದಾಗ ಖೋಲಿಯೇ ನಡುಗುತ್ತಿತ್ತು, ಬಟ್ಟೆಯ ಮೇಲೆಲ್ಲ ಜೋಳದ ಹಿಟ್ಟು. ಇಪ್ಪತ್ತೊಂಬತ್ತಾದರೂ ಮದುವೆಯ ಸುದ್ದಿ ಎತ್ತದವಳು ನಾನು, ಎತ್ತಿದವರ ಜೊತೆ ಜಗಳ ತೆಗೆಯುವವಳು. ಒಂದು ಸಂಕಟ ಮಾತ್ರ ಇತ್ತು. ನನ್ನನ್ನು ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ಊರಲ್ಲಿ ನಮ್ಮವ್ವನ ಹೊಸ್ತಿಲಿಗೆ ‘ಮನಿಗೊಬ್ಬರು’ ಎಂದರೆ ಮುಗಿಯಿತು, ಅವ್ವ ಹೋಗಿ ಉಂಡು ಬರುತ್ತಿದ್ದಳು. ಮದುವೆಯಾಗದ ಹೆಣ್ಣಿನ ಬಾಡಿಗೆ ಖೋಲಿಗೆ ಹೊಸ್ತಿಲಿದ್ದರೂ ಅದು ಲೆಕ್ಕಕ್ಕಿಲ್ಲ. ಒಮ್ಮೆ ಚಿಗವ್ವನ ಮುಂದೆ ಇದನ್ನು ಹೇಳಿ ಮುಖ ಊದಿಸಿಕೊಂಡಿದ್ದೆ. ‘ನಿಮ್ಮವ್ವಗ ಹೇಳೀನಲ್ಲ, ನೀ ಅದರಾಗ ಬರ್ತಿ,’ ಎಂದಿದ್ದಳು. ಅದರಲ್ಲಿ ಬರುವುದು ನನಗೆ ಹಿಡಿಸಲಿಲ್ಲ.

ನಾನು ಕಾಲುವೆ ಬಂದ ಮೇಲೆ ಹುಟ್ಟಿದವಳು. ವನದುರ್ಗದ ಕಡೆಯ ನಮ್ಮ ಊರಲ್ಲಿ ಜೋಳ, ಸಜ್ಜೆಯ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ನೀರಿನ ಪಾಳಿಯೇ ಊರಿನ ಪಂಚಾಂಗ. ಮೇಲಿನ ಓಣಿಯವರ ಗದ್ದೆಗಳು ಉಪಕಾಲುವೆಯ ತಲೆಯಲ್ಲಿ, ನಮ್ಮ ಓಣಿಯವರದು ಕೊನೆಯಲ್ಲಿ. ಯಾರಿಗೆ ಯಾವ ದಿನ ನೀರು ಎಂಬುದಕ್ಕೆ ಗೇಟು ಎತ್ತಿಳಿಸುವ ಗ್ಯಾಂಗ್‌ಮನ್ ಒಂದು ರೂಢಿ ಮಾಡಿದ್ದ. ಓಣಿಗೊಂದರಂತಿದ್ದ ಗೇಟಿನ ಕಂಬಕ್ಕೆ ಹಸಿರು ಅರಿವೆ ಕಟ್ಟಿದರೆ ಆ ಓಣಿಗೆ ನೀರು, ಕೆಂಪು ಅರಿವೆ ಕಟ್ಟಿದರೆ ಬಂದ್. ಅವನ ಹೆಂಡತಿಯ ಹಳೇ ಸೀರೆಗಳೆಲ್ಲ ಹೀಗೇ ತೀರಿದವು. ಓದು ಬಂದವರೂ ಬಾರದವರೂ ದೂರದಿಂದಲೇ ಬಣ್ಣ ನೋಡಿ ಸಲಿಕೆ ಹೆಗಲಿಗೇರಿಸುತ್ತಿದ್ದರು.

ಎಲ್ಲರ ಕೈಗೂ ಫೋನು ಬಂದ ಮೇಲೆ ನೀರು ಬಳಕೆದಾರರ ಸಂಘದ ಅಧ್ಯಕ್ಷರು, ಪಾಳಿಯನ್ನು ಫೋನಿನಲ್ಲೇ ನೋಡುವ ಹಾಗೆ ಮಾಡಿಕೊಡು ಎಂದು ನನಗೆ ಹೇಳಿದರು. ನಾನು ಒಂದು ವೆಬ್‌ಪುಟ ಮಾಡಿದೆ. ಅಡ್ಡಕ್ಕೆ ವಾರದ ದಿನಗಳು, ಕೆಳಕ್ಕೆ ಒಬ್ಬೊಬ್ಬರ ಗದ್ದೆಗೆ ಒಂದೊಂದು ಸಾಲು. ನೀರಿರುವ ದಿನದ ಚೌಕ ಹಸಿರು, ಇಲ್ಲದ ದಿನದ ಚೌಕ ಕೆಂಪು. ಅಕ್ಷರಗಳನ್ನೂ ಹಾಕಿದ್ದೆ, ಆದರೆ ಅಕ್ಷರ ಯಾರಿಗೆ ಬೇಕು. ಚಿಗವ್ವನಂತೂ ಕೆಳಗಿನಿಂದ ಎರಡನೇ ಸಾಲು ತನ್ನದು ಎಂದು ಬೆರಳಿಟ್ಟು ಗುರುತು ಮಾಡಿಕೊಂಡಿದ್ದಳು. ಊಟಕ್ಕೆ ಹೇಳಲು ಹೋದಲ್ಲೆಲ್ಲ, ‘ನಮ್ಮ ಹುಡುಗಿ ಮಾಡ್ಯಾಳ. ಗೇಟಿನ ತನಕ ಯಾಕ ಕಾಲು ನೋಯಿಸ್ಕೋತೀರಿ, ಇದರಾಗ ನೋಡ್ರಿ,’ ಎಂದು ಪುಕ್ಕಟೆ ಪ್ರಚಾರ ಬೇರೆ. ಅವಳ ಮಾತಿಗೆ ನಮ್ಮ ಓಣಿಯವರು ಗೇಟಿನ ಕಡೆ ಹೋಗುವುದನ್ನೇ ಬಿಟ್ಟರು. ನನಗೆ ಹೆಮ್ಮೆಯಿಂದ ನೆಲ ಕಾಣದಂತಾಯಿತು.

ಇಲ್ಲಿ ನನ್ನ ಕಸುಬಿನ ಎರಡು ಮಾತು ಹೇಳಲೇಬೇಕು. ವೆಬ್‌ಪುಟಕ್ಕೆ ಬಣ್ಣ, ಅಳತೆ, ಅಂಚು ಹೇಳುವ ಸಾಲುಗಳಿಗೆ ಸಿಎಸ್ಎಸ್ ಎನ್ನುತ್ತಾರೆ. ಪ್ರತಿ ಸಾಲಿನಲ್ಲೂ ಯಾರಿಗೆ ಹೇಳುತ್ತಿದ್ದೇವೆ ಎಂಬುದು ಮೊದಲು, ಏನು ಹೇಳುತ್ತಿದ್ದೇವೆ ಎಂಬುದು ಆಮೇಲೆ. ಆ ‘ಯಾರಿಗೆ’ ಎಂಬ ಭಾಗವೇ ಸೆಲೆಕ್ಟರ್. ಒಂದೇ ಚೌಕಕ್ಕೆ ಎರಡು ಸಾಲು ಬೇರೆ ಬೇರೆ ಬಣ್ಣ ಹೇಳಿದರೆ, ಯಾರ ಸೆಲೆಕ್ಟರಿಗೆ ತೂಕ ಹೆಚ್ಚೋ ಅವರ ಮಾತು ನಡೆಯುತ್ತದೆ. ತೂಕ ಸಮವಾದರೆ ಕೊನೆಗೆ ಹೇಳಿದ್ದು ನಡೆಯುತ್ತದೆ. ಇದನ್ನು ನಾನು ದಿನವೂ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಸುಮ್ಮನೆ ಹೇಳುತ್ತಾರೆಯೇ.

ಒಂದು ಮಂಗಳವಾರ ಅಧ್ಯಕ್ಷರ ಫೋನು ಬಂತು. ಯಾದಗಿರಿಯಿಂದ ಸಾಹೇಬರು ಸಭೆಗೆ ಬರುವವರಿದ್ದಾರೆ, ಸಂಘದ ಸದಸ್ಯರ ಹೆಸರಿನ ಪಟ್ಟಿಯನ್ನೂ ಅದೇ ಪುಟದಲ್ಲಿ ಹಾಕು, ಹೆಸರುಗಳ ಹಿಂದೆ ಚಂದಾಗಿ ಹಸಿರು ಬಣ್ಣ ಕೊಡು ಎಂದರು. ಅಂದು ತರಬೇತಿ ಕೇಂದ್ರದ ಒಡೆಯನ ಜೊತೆ ರಜೆಯ ವಿಷಯಕ್ಕೆ ಜಗಳವಾಗಿ ನನ್ನ ತಲೆ ಕಾದಿತ್ತು. ಪಟ್ಟಿ ಹಾಕಿದೆ. ಪಟ್ಟಿಯ ಚೌಕಗಳೆಲ್ಲ ಹಸಿರಾಗಲಿ ಎಂದು ಬರೆದೆ. ಆಗಲಿಲ್ಲ, ಹಳೆಯದೊಂದು ಸಾಲು ಅವನ್ನು ಬಿಳಿಯಾಗಿಯೇ ಹಿಡಿದಿಟ್ಟಿತ್ತು. ಅದು ಯಾವ ಸಾಲು ಎಂದು ಹುಡುಕುವ ತಾಳ್ಮೆ ಎಲ್ಲಿತ್ತು. ಇಡೀ ಪುಟದ ಸುತ್ತ ಒಂದು ಚೌಕಟ್ಟು ಹಾಕಿ ಅದಕ್ಕೊಂದು ಐಡಿ ಕೊಟ್ಟಿದ್ದೆ. ಐಡಿ ಎಂದರೆ ಪುಟಕ್ಕೆಲ್ಲ ಒಂದೇ ಒಂದು ಇರುವ ಗುರುತು, ಸೆಲೆಕ್ಟರಿನಲ್ಲಿ ಅದಕ್ಕೆ ತೂಕ ಬಹಳ. ‘ಈ ಐಡಿಯ ಒಳಗಿನ ಎಲ್ಲ ಚೌಕಗಳೂ ಹಸಿರಾಗಲಿ’ ಎಂದು ಬರೆದು ಒಗೆದೆ. ಸದಸ್ಯರ ಹೆಸರುಗಳು ಝಗ್ಗನೆ ಹಸಿರಾದವು. ಅಧ್ಯಕ್ಷರ ಹೆಸರು ಚಂದ ಕಂಡಿತು. ಪುಟವನ್ನು ಮೇಲಕ್ಕೆ ಸರಿಸಿ ಪಾಳಿ ಪಟ್ಟಿ ನೋಡುವ ಗೋಜಿಗೆ ಹೋಗದೆ ಕಂಪ್ಯೂಟರ್ ಬಂದ್ ಮಾಡಿ ಎದ್ದೆ.

ಪಾಳಿ ಪಟ್ಟಿಯೂ ಅದೇ ಚೌಕಟ್ಟಿನ ಒಳಗಿತ್ತು. ವಾರಪೂರ್ತಿ, ಎಲ್ಲರ ಸಾಲೂ, ತಲೆಯಿಂದ ಕೊನೆಯವರೆಗೆ ಹಚ್ಚಗೆ ಹಸಿರಾಗಿ ಕೂತಿತ್ತು. ಬುಧವಾರ ಎಲ್ಲ ಗೇಟುಗಳೂ ಬಂದ್ ಎಂಬುದು ಊರಿಗೇ ಗೊತ್ತಿತ್ತು, ಅಂದು ಯಾರೂ ಸಲಿಕೆ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಪಾಠ ಶುರುಮಾಡುವ ಮೊದಲೇ ಚಿಗವ್ವ ಫೋನು ಮಾಡಿದಳು. ‘ಏ ಹುಡುಗಿ, ನನ್ನ ಸಾಲು ಹಸುರು ಅದ. ಕಾಲುವ್ಯಾಗ ಹನಿ ನೀರಿಲ್ಲ. ನಾಟಿ ಮಂದಿ ಬಂದು ಕುಂತಾರ,’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

ನಾಟಿ ಮಂದಿ ಎಂದರೆ ಬಳಿಚಕ್ರದ ಕಡೆಯ ಹನ್ನೆರಡು ಹೆಂಗಸರು. ಅವರ ಊರಲ್ಲಿ ಮಳೆ ನಂಬಿದ ಹೊಲಗಳು, ಬಿತ್ತನೆ ಮುಗಿದ ಮೇಲೆ ಗುಂಪು ಕಟ್ಟಿಕೊಂಡು ನಮ್ಮ ಕಾಲುವೆ ಊರುಗಳಿಗೆ ಭತ್ತ ಹಚ್ಚಲು ಬರುತ್ತಿದ್ದರು. ಅವರನ್ನು ಹಿಡಿಯುವುದೆಂದರೆ ಮದುವೆಗೆ ಮುಹೂರ್ತ ಹಿಡಿದಷ್ಟೇ ಕಷ್ಟ. ಚಿಗವ್ವ ಪುಟದಲ್ಲಿ ಗುರುವಾರ ಹಸಿರು ಕಂಡು ಅವರಿಗೆ ಹೇಳಿ ಕಳಿಸಿದ್ದಳು. ಗುರುವಾರ ಮತ್ತು ಶುಕ್ರವಾರ ಮಧ್ಯಾಹ್ನದವರೆಗೆ ಅವರು ಚಿಗವ್ವನವರು, ಆಮೇಲೆ ಸುರಪುರದ ಕಡೆ ಹೊರಟುಬಿಡುತ್ತಿದ್ದರು, ಮತ್ತೆ ಸಿಗುವುದು ಹದಿನೈದು ದಿನಕ್ಕೆ. ಅಷ್ಟರಲ್ಲಿ ಮಡಿಯಲ್ಲಿನ ಸಸಿ ಬಲಿತು ಹುಲ್ಲಾಗುತ್ತಿತ್ತು. ಎರಡೂವರೆ ಎಕರೆಯ ವರ್ಷದ ಬೆಳೆ ನನ್ನದೊಂದು ಸಾಲಿನ ಮೇಲೆ ನಿಂತಿತ್ತು.

ಪುಟ ತೆರೆದೆ. ನಮ್ಮ ಕಸುಬಿನಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಒಂದು ಪದವಿದೆ, ‘ಇಂಪಾರ್ಟೆಂಟ್’ ಅಂತ. ಅದನ್ನು ಹಚ್ಚಿದ ಸಾಲಿನ ಮುಂದೆ ಐಡಿಯ ಆಟವೂ ನಡೆಯುವುದಿಲ್ಲ. ಮಕ್ಕಳಿಗೆ, ಇದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿಟ್ಟಿದ್ದೆ. ಚೌಕಗಳೆಲ್ಲ ಕೆಂಪಾಗಲಿ ಎಂದು ಬರೆದು, ಅದನ್ನೇ ಹಚ್ಚಿ, ವನದುರ್ಗದ ಕಡೆ ಹೋಗುವ ಬಸ್ಸಿಗೆ ಓಡಿದೆ.

ಕಾಲುವೆಯ ಹತ್ತಿರ ಇಳಿದಾಗ ಕಂಡದ್ದನ್ನು ಈಗ ನೆನೆದರೆ ನಗು ಬರುತ್ತದೆ, ಆಗ ಅದೇ ಬಸ್ಸಿಗೆ ತಿರುಗಿ ಹತ್ತಿಬಿಡೋಣ ಎನ್ನಿಸಿತ್ತು. ನಮ್ಮ ಓಣಿಯ ಇಪ್ಪತ್ತಾರು ಮನೆಗಳ ಗಂಡಸರು ಸಲಿಕೆ ಹಿಡಿದು ಒಣ ಕಾಲುವೆಯ ದಂಡೆಗುಂಟ ಸಾಲಾಗಿ ಕೂತಿದ್ದರು. ಬೇವಿನ ಗಿಡದ ಕೆಳಗೆ ನಾಟಿಯ ಹೆಂಗಸರು ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದರು. ನಡುವೆ ಗ್ಯಾಂಗ್‌ಮನ್, ಕೆಂಪು ಅರಿವೆ ಕಟ್ಟಿದ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಕೂಗಾಡುತ್ತಿದ್ದ.

‘ಕಂಬಕ್ಕ ಇಷ್ಟು ದೊಡ್ಡ ಕೆಂಪು ಅರಿವಿ ಕಟ್ಟೀನಿ. ಅದು ಬಿಟ್ಟು ಅಂಗೈಯಾಗ ಹಸುರು ನೋಡ್ಕೊಂಡು ಬಂದಾರ. ಇವತ್ತು ಮ್ಯಾಲಿನ ಓಣಿ ಪಾಳಿ, ನಿಮ್ಮದು ಸೋಮಾರ,’ ಎಂದ. ನನ್ನನ್ನು ಕಂಡು ದನಿ ಇನ್ನೂ ಏರಿಸಿದ. ‘ಬಂದ್ರು ನೋಡ್ರಿ ಮೇಡಮ್‌ರು. ಕೇಳ್ರಿ ಅವರನ್ನ.’

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಧ್ಯಕ್ಷರು. ‘ಏನವ್ವಾ, ಸಾಹೇಬ್ರು ಬರೋ ಹೊತ್ತಿಗೆ ನನ್ನ ಹೆಸರು ಕೆಂಪಾಗ್ಯಾದ? ನನ್ನ ಮೆಂಬರಗಿರಿ ರದ್ದಾತೇನು?’ ಎಂದರು. ಗಾಬರಿಯಲ್ಲಿ ನಾನು ಬರೆದ ಸಾಲು ಪಾಳಿ ಪಟ್ಟಿ, ಸದಸ್ಯರ ಪಟ್ಟಿ ಎಂದು ನೋಡದೆ ಎಲ್ಲವನ್ನೂ ಕೆಂಪು ಬಳಿದಿತ್ತು. ಈಗ ನೀರಿದ್ದ ಮೇಲಿನ ಓಣಿಯವರಿಗೂ ವಾರಪೂರ್ತಿ ಬಂದ್. ಪಕ್ಕದಲ್ಲೇ ಇದ್ದ ನಾಟಿ ಗುಂಪಿನ ಹಿರಿಯ ಹೆಂಗಸಿಗೆ ಎಲ್ಲ ಕೇಳಿಸಿತು. ರೊಟ್ಟಿ ಅಗಿಯುತ್ತಲೇ, ‘ತಂಗಿ, ನಿನ್ನ ಬಣ್ಣದ ಡಬ್ಬಿ ಕಸ್ಕೊಂಡು ಇಡಬೇಕು ನೋಡು,’ ಎಂದಳು. ದಂಡೆಯ ಮೇಲಿದ್ದವರೆಲ್ಲ ನಕ್ಕರು. ನನಗೆ ಅಳು ಬಂದಿತ್ತು, ಆದರೆ ಅವರ ನಗು ಕೇಳಿ ಅದು ಅರ್ಧಕ್ಕೇ ನಿಂತಿತು.

ನಗದೆ ಇದ್ದವಳು ಚಿಗವ್ವ ಒಬ್ಬಳೇ. ಬದುವಿನ ಮೇಲೆ ನಿಂತು ಮೇಲಿನ ಗದ್ದೆಗಳನ್ನು ನೋಡುತ್ತಿದ್ದಳು. ಆಮೇಲೆ ಒಂದು ಸುತ್ತು ಮೇಲಕ್ಕೆ ಹೋಗಿ ಬಂದು, ‘ನಡಿ, ಮ್ಯಾಲಿನ ಓಣಿಗೆ ಹೋಗಮು,’ ಎಂದಳು. ನಾಟಿಯವರ ಹಿರಿಯಳಿಗೆ, ‘ಎರಡು ತಾಸು ಕುಂದರ್ರಿ, ಹೋಗಬ್ಯಾಡ್ರಿ,’ ಎಂದು ಹೇಳಿದಳು. ಎರಡು ತಾಸು ಅಂದರೆ ಎರಡೇ ತಾಸು ಎಂದು ಆಕೆಯೂ ಗಟ್ಟಿಯಾಗಿ ಹೇಳಿದಳು.

ಮೇಲಿನ ಓಣಿಯ ಕಟ್ಟೆಯ ಮೇಲೆ ಹತ್ತು ಹದಿನೈದು ಮಂದಿ ಕೂತಿದ್ದರು. ತಪ್ಪು ನನ್ನದು, ನಾನೇ ಸರಿಮಾಡುತ್ತೇನೆ ಎಂದು ಹಠ ಬಂದು, ಚಿಗವ್ವ ಬಾಯಿ ತೆರೆಯುವ ಮೊದಲೇ ಕಟ್ಟೆಯ ಮುಂದೆ ನಿಂತೆ. ‘ನನ್ನಿಂದ ತಪ್ಪಾಗ್ಯಾದ್ರಿ. ನಾಟಿ ಮಂದಿ ಬಂದು ಕುಂತಾರ. ಎಲ್ಲಾರೂ ಒಂದೀಟು ಒಂದೀಟು ನೀರು ಬಿಡ್ರಿ,’ ಎಂದೆ.

‘ಬಿಡಮು, ಬಿಡಮು. ಅದಕ್ಕೇನಾತು,’ ಎಂದರು. ಎಲ್ಲರೂ ತಲೆಯಾಡಿಸಿದರು, ಎಲ್ಲರೂ ಪಕ್ಕದವನ ಮುಖ ನೋಡಿದರು. ಒಬ್ಬನೂ ಏಳಲಿಲ್ಲ. ಬಿಡುವವನು ತಾನೇ ಎಂದು ಯಾರಿಗೂ ಅನ್ನಿಸಲಿಲ್ಲ.

ಚಿಗವ್ವ ನನ್ನ ರಟ್ಟೆ ಹಿಡಿದು ಎಳೆದಳು. ಕಟ್ಟೆಯ ಕಡೆ ತಿರುಗಿಯೂ ನೋಡದೆ ಹುಣಸೆಗಿಡದ ಮನೆಗೆ ನಡೆದಳು. ಹೊಸ್ತಿಲಲ್ಲಿ ನಿಂತು ಚಪ್ಪಲಿ ಬಿಟ್ಟಳು. ಆ ಮನೆಯಲ್ಲಿ ಮೂವರು ಸೊಸೆಯರು. ‘ನಡುವಿನ ಸೊಸಿನ ಕರೀರಿ,’ ಎಂದಳು. ಆಕೆ ಹಿಟ್ಟಿನ ಕೈಯಲ್ಲೇ ಬಂದಳು.

‘ನಿಮ್ಮ ಪಾಲಿನ ತೆಳಗಿನ ಎರಡು ಮಡಿ ತುಂಬ್ಯಾವ. ನೀರು ಬದು ಹರಿದು ಹಳ್ಳಕ್ಕ ಹೊಂಟದ, ಈಗ ನೋಡಿ ಬಂದೀನಿ. ಎರಡು ಗಂಟಿಂದ ಸಂಜಿತನಾ ನಿಮ್ಮ ಪಾಳಿ ನನಗ ಕೊಡ್ರಿ. ಸೋಮಾರ ಅಷ್ಟೇ ಹೊತ್ತು ನಂದು ನೀವು ತೊಗೋರಿ,’ ಎಂದಳು ಚಿಗವ್ವ.

‘ಹೌದ್ರಿ, ನಮ್ಮನ್ಯಾವ್ರು ಮುಂಜಾನೆ ಅಂದಿದ್ರು, ನೀರು ಹೆಚ್ಚಾಗ್ಯಾದ ಅಂತ. ತೊಗೋರಿ,’ ಎಂದಳು ಆಕೆ. ಅಷ್ಟೇ. ಮಾತು ಮುಗಿಯುವುದರೊಳಗೆ ಕಟ್ಟೆಯ ಮೇಲಿದ್ದ ಅವಳ ಗಂಡ ಎದ್ದು ಚಪ್ಪಲಿ ಮೆಟ್ಟುತ್ತಿದ್ದ. ಎರಡು ನಿಮಿಷದ ಹಿಂದೆ ನನ್ನ ಮಾತಿಗೆ ತಲೆಯಾಡಿಸಿ ಕೂತಿದ್ದವನೇ ಅವನು.

ಹೀಗೇ ಇನ್ನೆರಡು ಮನೆ. ಎರಡು ಅಂತಸ್ತಿನ ಮನೆಯ ಅಜ್ಜ, ಹ್ಯಾಂಡ್‌ಪಂಪಿನ ಎದುರಿನ ಮನೆಯ ಹಿರೇ ಮಗ. ನಲವತ್ತು ಮನೆಗಳ ಓಣಿಯಲ್ಲಿ ಮೂರೇ ಹೊಸ್ತಿಲು ತುಳಿದಳು. ಉಳಿದವರ ಗದ್ದೆಗಳಿಗೆ ಇನ್ನೂ ನೀರು ಬೇಕಿತ್ತು, ಅವರನ್ನು ಕೇಳುವುದು ಅವಳಿಗೆ ಸರಿ ಕಾಣಲಿಲ್ಲ. ಮೂವರೂ ಗ್ಯಾಂಗ್‌ಮನ್‌ನ ಎದುರಿಗೆ ಬಂದು, ಪಾಳಿ ಅದಲುಬದಲು ಮಾಡಿಕೊಂಡಿದ್ದೇವೆ ಎಂದು ಬಾಯಿಂದ ಹೇಳಿದರು. ಅವನು ಸಿಟ್ಟು ಇಳಿಯದಿದ್ದರೂ ಗೇಟು ತಿರುಗಿಸಿದ. ಕೆಂಪು ಅರಿವೆ ಬಿಚ್ಚಿ, ಹಸಿರು ಕಟ್ಟುವಾಗ ನನ್ನ ಮುಖ ನೋಡಿ, ‘ಇದು ಕರೆಂಟಿಲ್ಲದಿದ್ರೂ ಕಾಣ್ತದ ಮೇಡಮ್‌ರ,’ ಎಂದ.

ಇತ್ತ ನಮ್ಮ ಓಣಿಯ ಇಪ್ಪತ್ತಾರು ಗಂಡಸರು ಸುಮ್ಮನೆ ಕೂತಿರಲಿಲ್ಲ. ಚಿಗವ್ವ ನೀರು ಕೇಳಲು ಹೋದಳೆಂದು ತಿಳಿದಾಗ, ಹೇಗೂ ಸಲಿಕೆ ತಂದಿದ್ದೇವೆ ಎಂದು ಯಾರೋ ಕೊನೆಯ ಕಾಲುವೆಗೆ ಇಳಿದರಂತೆ. ಒಬ್ಬ ಇಳಿದದ್ದನ್ನು ನೋಡಿ ಮತ್ತೊಬ್ಬ. ಎಷ್ಟೋ ವರ್ಷಗಳ ಹೂಳು, ಆಪು ಹುಲ್ಲು, ಹರಿದ ಗೊಬ್ಬರದ ಚೀಲ, ಎಲ್ಲ ದಂಡೆಗೆ ಬಂದು ಬಿದ್ದಿತ್ತು. ಸಂಘದವರು ಸಭೆ ಕರೆದಾಗಲೆಲ್ಲ ನಾಳೆ, ನಾಡಿದ್ದು ಎನ್ನುತ್ತಿದ್ದವರನ್ನು ನನ್ನ ತಪ್ಪೊಂದು ಒಂದೇ ದಿನ, ಒಂದೇ ಹೊತ್ತಿಗೆ, ಸಲಿಕೆ ಸಮೇತ ತಂದು ನಿಲ್ಲಿಸಿತ್ತು. ಇದನ್ನು ನಾನು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ, ನನಗೆ ನಾಚಿಕೆಯಿಲ್ಲ.

ಹೂಳು ತೆಗೆದ ಕಾಲುವೆಯಲ್ಲಿ ನೀರು ಬಂದ ವೇಗ ನೋಡಬೇಕಿತ್ತು. ಮೂರು ಗಂಟೆಯ ಹೊತ್ತಿಗೆ ಚಿಗವ್ವನ ಗದ್ದೆಗೆ ಮುಟ್ಟಿತು. ಹಿಂದಿನ ಪಾಳಿಯಲ್ಲಿ ಕೆಸರು ಮಾಡಿಟ್ಟಿದ್ದು ಒಣಗುತ್ತಿತ್ತು, ಆ ನೆಲ ಮತ್ತೆ ಮೆತ್ತಗಾಯಿತು. ಪಕ್ಕದ ಗದ್ದೆಯವನು ಟ್ರ್ಯಾಕ್ಟರ್ ತಂದು ಒಂದು ಸುತ್ತು ಹೊಡೆದ. ಬಳಿಚಕ್ರದ ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದರು. ನಾನೂ ಇಳಿದೆ. ನಾನು ಹಚ್ಚಿದ ಸಸಿಗಳು ಸೊಟ್ಟಗೆ ನಿಂತದ್ದನ್ನು ನೋಡಿ ಹಿರಿಯಳು, ‘ಇಕಿ ಭತ್ತಕ್ಕೂ ಬಣ್ಣ ಹಚ್ಚೂ ಮೊದಲ ಮ್ಯಾಲ ಕರೀರಿ,’ ಎಂದು ನನ್ನನ್ನು ಬದುವಿಗೆ ಓಡಿಸಿದಳು. ಕೆಸರುಗಾಲಿನಲ್ಲೇ ಅಲ್ಲಿ ಕೂತು ಚಹಾ ಕುಡಿದೆ. ಅಷ್ಟು ರುಚಿಯ ಚಹಾ ನಾನು ಮತ್ತೆ ಕುಡಿದಿಲ್ಲ. ಸಂಜೆಯೊಳಗೆ ಅರ್ಧಕ್ಕಿಂತ ಹೆಚ್ಚು ಮುಗಿಯಿತು, ಉಳಿದದ್ದು ಮರುದಿನ ಮಧ್ಯಾಹ್ನದೊಳಗೆ.

ಅವತ್ತು ಸಂಜೆ ಚಿಗವ್ವನ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಐಡಿಯ ಸಾಲನ್ನೂ, ಬಾಯಿ ಮುಚ್ಚಿಸುವ ಪದವನ್ನೂ ಎರಡನ್ನೂ ಅಳಿಸಿದೆ. ಒಂಬತ್ತು ವರ್ಷದ ಹುಡುಗಿ ಓಣಿಯಲ್ಲಿ ನಿಂತು ಒದರಿದ್ದನ್ನೇ ಇಪ್ಪತ್ತೊಂಬತ್ತರಲ್ಲಿ ಮೈಕು ಹಿಡಿದು ಒದರಿದ್ದೆ. ಈಗ ಹೊಸ್ತಿಲು ಹೊಸ್ತಿಲಿಗೆ ಹೋದೆ. ಪಾಳಿ ಪಟ್ಟಿಗೊಂದು ಹೆಸರು ಕೊಟ್ಟೆ, ಸದಸ್ಯರ ಪಟ್ಟಿಗೆ ಇನ್ನೊಂದು. ಪಾಳಿ ಪಟ್ಟಿಯ ಒಳಗಿನ, ಬಂದ್ ಎಂಬ ಗುರುತಿನ ಚೌಕಗಳು ಮಾತ್ರ ಕೆಂಪಾಗಲಿ. ಪಾಳಿ ಪಟ್ಟಿಯ ಒಳಗಿನ, ನೀರು ಎಂಬ ಗುರುತಿನವು ಮಾತ್ರ ಹಸಿರಾಗಲಿ. ಸದಸ್ಯರ ಪಟ್ಟಿಯ ಹಸಿರು ಆ ಪಟ್ಟಿಯ ಹೊಸ್ತಿಲು ದಾಟದಿರಲಿ. ಚಿಗವ್ವ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು. ಏನು ಮಾಡುತ್ತಿದ್ದೇನೆಂದು ಬಿಡಿಸಿ ಹೇಳಿದೆ.

‘ಇಷ್ಟಕ್ಕ ಸುರಪುರದಾಗ ಆರು ತಿಂಗಳು ಕುಂತಿದ್ದೇನು?’ ಎಂದಳು.

ಆಮೇಲೆ ನಾನು, ಸಂಘದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಸೇರಿಸಿ ಒಂದು ಕ್ಷಮೆ ಬರೆದು ಹಾಕುತ್ತೇನೆ ಎಂದೆ. ಅವರೆಕಾಯಿ ಸುಲಿಯುವ ಕೈ ನಿಂತಿತು.

‘ನನ್ನ ಮಾತು ಕೇಳಿ ಅವರು ಗೇಟಿಗೆ ಹೋಗೋದು ಬಿಟ್ಟಿದ್ರು. ನಾ ಆ ಹೊಸ್ತಿಲಿಗೆ ಮತ್ತ ಯಾವ ಮುಖ ಇಟ್ಕೊಂಡು ಊಟಕ್ಕ ಹೇಳಾಕ ಹೋಗ್ಲಿ?’ ಎಂದಳು. ಅಷ್ಟು ಹೊತ್ತು ಅವಳ ಹೊಟ್ಟೆಯಲ್ಲಿದ್ದದ್ದು ಇದು. ಗದ್ದೆಗೆ ನೀರು ಮುಟ್ಟಿದರೂ ಅವಳ ಮಾತು ಇನ್ನೂ ಒಣ ಕಾಲುವೆಯ ದಂಡೆಯ ಮೇಲೇ ಕೂತಿತ್ತು. ನನಗೆ ಬಹಳ ಕೆಟ್ಟದೆನಿಸಿತು.

ಮರುದಿನ ಇಪ್ಪತ್ತಾರು ಮನೆಗಳಿಗೂ ಹೋದೆ. ಒಬ್ಬಳೇ ಹೋದೆ, ಚಿಗವ್ವ ಬರಲಿಲ್ಲ. ಪ್ರತಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಸಲಿಕೆ ಹಿಡಿದು ಬಂದಿದ್ದವರನ್ನೇ ಹೊರಗೆ ಕರೆಸಿ, ‘ತಪ್ಪು ನಂದು, ಚಿಗವ್ವನದಲ್ಲ. ಈಗ ಸರಿ ಮಾಡೀನಿ, ಒಂದು ವಾರ ಗೇಟಿನ ಅರಿವಿ ಜೋಡಿ ಹೋಲಿಸಿ ನೋಡ್ರಿ,’ ಎಂದೆ. ಬಾಯಿ ಬಡುಕಿ ಎಂದು ಹೆಸರಾದ ನನಗೆ ಮೊದಲ ಮೂರು ಮನೆಯಲ್ಲಿ ಮಾತು ತಡವರಿಸಿತು. ನಾಲ್ಕನೆಯ ಮನೆಯಲ್ಲಿ ಚಹಾ ಕೊಟ್ಟರು, ಐದನೆಯದರಲ್ಲೂ ಕೊಟ್ಟರು. ಒಬ್ಬ ಮುದುಕ, ‘ನೀ ಇನ್ನೊಮ್ಮೆ ಹಂಗ ಹಸುರು ಮಾಡವ್ವಾ, ನಡುವಿನ ಕಾಲುವಿ ಹೂಳು ಇನ್ನೂ ಉಳದಾದ,’ ಎಂದ. ಇಪ್ಪತ್ತಾರನೆಯ ಮನೆ ಮುಗಿಯುವಷ್ಟರಲ್ಲಿ ಹದಿನೇಳು ಚಹಾ ಕುಡಿದು ಹೊಟ್ಟೆ ಉರಿಯುತ್ತಿತ್ತು, ಮನಸ್ಸು ಮಾತ್ರ ಹಗುರಾಗಿತ್ತು.

ಆ ವಾರ ಅವರೆಲ್ಲ ಫೋನು ಹಿಡಿದುಕೊಂಡೇ ಗೇಟಿಗೆ ಹೋಗಿ ಬಣ್ಣ ಹೋಲಿಸಿದರು. ಎರಡನೆಯ ವಾರ ಅರ್ಧ ಮಂದಿ ಹೋದರು. ಅದರ ಮುಂದಿನ ವಾರ ತೊಟ್ಟಿಲ ಊಟಕ್ಕೆ ಹೇಳಲು ಚಿಗವ್ವ ನಮ್ಮ ಓಣಿಯ ಸುತ್ತು ಹೋಗಿ ಬಂದಳೆಂದು ಅವ್ವ ಫೋನಿನಲ್ಲಿ ಹೇಳಿದಳು. ಎಲ್ಲ ಮನೆಯವರೂ ಬಂದು ಉಂಡರಂತೆ.

ಕೊಯ್ಲು ಮುಗಿದ ಮೇಲೆ ಒಂದು ಐತವಾರ, ಗಿರಣಿಯ ಸದ್ದಿನ ನಡುವೆ ಯಾರೋ ಬಾಗಿಲು ಬಡಿದ ಹಾಗಾಯಿತು. ತೆರೆದರೆ ಚಿಗವ್ವ. ಕೈಯಲ್ಲಿ ಕುಂಕುಮದ ಬಟ್ಟಲು. ಚಪ್ಪಲಿಯನ್ನು ಮೆಟ್ಟಿಲಿನಲ್ಲೇ ಬಿಟ್ಟು ಬಂದಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲ ಆಚೆ ನೆಟ್ಟಗೆ ನಿಂತು, ನನ್ನ ಹಣೆಗೆ ಕುಂಕುಮ ಹಚ್ಚಿ, ಎಲ್ಲ ಮನೆಗಳಲ್ಲಿ ಹೇಳುವ ದನಿಯಲ್ಲಿ ಹೇಳಿದಳು.

‘ಬುಧವಾರ ನಮ್ಮ ಮನ್ಯಾಗ ಹೊಸ ಅಕ್ಕಿ ಊಟ ಅದರಿ. ಮನಿಮಂದೆಲ್ಲ ಬರ್ರಿ. ಒಲಿ ಹಚ್ಚಬ್ಯಾಡ್ರಿ.’

ನಾನು ಹುಟ್ಟಿದಾಗಿನಿಂದ ಅವಳು ನನ್ನನ್ನು ‘ಏ ಹುಡುಗಿ’ ಎಂದೇ ಕರೆದವಳು. ನಗು ಬಂತು. ‘ಚಿಗವ್ವ, ಇಲ್ಲಿ ನಾ ಒಬ್ಬಾಕೀನೇ ಅದೀನಲ್ಲ,’ ಎಂದೆ.

‘ಹೌದು. ಅದಕ್ಕ ಮನಿಮಂದೆಲ್ಲ ಬರ್ರಿ ಅಂದೆ,’ ಎಂದಳು. ಊರಲ್ಲಿ ಅವ್ವನ ಹೊಸ್ತಿಲಿಗೆ ಬೇರೆಯಾಗಿಯೇ ಹೇಳಿ ಬಂದಿದ್ದಳಂತೆ. ಗಿರಣಿಯ ಒಡೆಯನಿಗೂ ಕೆಳಗೆ ನಿಂತು ಹೇಳಿ, ಮೂರು ಗಂಟೆಯ ಬಸ್ಸಿಗೆ ಹೋದಳು.

ಬುಧವಾರ ರಜೆ ಕೇಳಿದ್ದಕ್ಕೆ ಕೇಂದ್ರದ ಒಡೆಯ ತಕರಾರು ತೆಗೆದ. ನಮ್ಮ ಮನೆಗೆ ಊಟಕ್ಕೆ ಹೇಳಿದ್ದಾರೆ, ಹೋಗಲೇಬೇಕು ಎಂದೆ. ಆ ದಿನ ಗಿರಣಿಯ ಮೇಲಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ.